ಉಪ್ಪಾಗೆ ಸಿಪ್ಪೆಯಿಂದ ಥಾರಾಂಟ್‌ವರೆಗೆ

ಸ್ಕಾಲರ್‌ಶಿಪ್ ಮೇಲೆ ಜರ್ಮನಿಗೆ ಓದಲು ಹೋಗಿದ್ದೆ ಎಂದರೆ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಪರ್ಸೆಂಟ್ ಇತ್ತು?’ ನನ್ನದು ಹೇಳಿಕೊಳ್ಳುವಂಥ ಪರ್ಸೆಂಟ್ ಅಲ್ಲ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ನನಗಿಂತ ಜಾಣರು ಅರ್ಧ ತರಗತಿಯಷ್ಟಿದ್ದರು. ಅವರಲ್ಲಿ ಕೆಲವರು ಬ್ಯಾಂಕಿನ ಕೃಷಿ ಅಧಿಕಾರಿಗಳಾದರು, ಕೆಲವರು ಆರ್‌ಎಫ್‌ಒ ಪರೀಕ್ಷೆಗೆ ಕುಳಿತರು. ನಾನು ಸಿದ್ದಾಪುರ ಸೀಮೆಯ ಒಂದು ಸಣ್ಣ ಸಂಸ್ಥೆ ಸೇರಿ, ಉಪ್ಪಾಗೆ ಕೊಯ್ಯುವವರ ಮನೆಮನೆ ತಿರುಗುವ ಕೆಲಸ ಹಿಡಿದೆ. ಡಿಗ್ರಿ ಮಾಡಿ ಸಿಪ್ಪೆ ತೂಗುತ್ತಾಳೆ ಎಂದು ನೆಂಟರಲ್ಲಿ ಮಾತಾಯಿತು. ಆ ಸಿಪ್ಪೆ ತೂಗಿದ್ದಕ್ಕೇ ನನಗೆ ಸ್ಕಾಲರ್‌ಶಿಪ್ ಸಿಕ್ಕಿತು ಎಂದರೆ ಇಂದಿಗೂ ಅವರು ನಂಬುವುದಿಲ್ಲ.

ಉಪ್ಪಾಗೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮುರುಗಲಿನ ದಾಯಾದಿ ಇದು, ಪಶ್ಚಿಮ ಘಟ್ಟದ ಮರ. ಹಣ್ಣಿನ ಸಿಪ್ಪೆಯನ್ನು ಒಣಗಿಸಿದರೆ ಕರ್ರಗಿನ ಹುಳಿ. ಕೇರಳದವರು ಮೀನಿನ ಸಾರಿಗೆ ಹಾಕುವುದು ಇದನ್ನೇ. ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪ ನಮ್ಮ ಕಡೆಯ ಹಳೆಯ ಅಡುಗೆಮನೆಗಳಲ್ಲಿ ಇರುತ್ತಿತ್ತು. 1990ರ ದಶಕದಲ್ಲಿ ಇದರ ಸಿಪ್ಪೆಯಲ್ಲಿರುವ ಆಮ್ಲ ಮೈತೂಕ ಇಳಿಸುತ್ತದೆ ಎಂಬ ಪ್ರಚಾರ ಹೊರದೇಶಗಳಲ್ಲಿ ಎದ್ದಿತು, ಬೆಲೆ ಏರಿತು, ಕಾಡಿಗೆ ನುಗ್ಗುವವರು ಹೆಚ್ಚಿದರು. ಹಣ್ಣಾಗುವ ತನಕ ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಕಾಯಿ ಇರುವಾಗಲೇ ಕೊಯ್ದರು, ಕೈಗೆ ಎಟುಕದಿದ್ದರೆ ಕೊಂಬೆಯನ್ನೇ ಕಡಿದರು. ಅದರ ಮೇಲೆ ಇನ್ನೊಂದು ತೊಂದರೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸಬೇಕು. ಸಿಪ್ಪೆಗಿಂತ ಎಷ್ಟೋ ಪಟ್ಟು ತೂಕದ ಸೌದೆ ಒಲೆಗೆ ಹೋಗುತ್ತದೆ. ನನ್ನ ಕೆಲಸವೆಂದರೆ ಸಿಪ್ಪೆ ತೂಗುವುದು, ಸೌದೆ ತೂಗುವುದು, ಬರೆದಿಡುವುದು, ಸೌದೆ ಕಡಿಮೆ ತಿನ್ನುವ ಒಲೆ ಹಾಕಿಕೊಳ್ಳಲು ಮನೆಯವರನ್ನು ಒಪ್ಪಿಸುವುದು.

ಸ್ಕಾಲರ್‌ಶಿಪ್‌ ಎಂದರೆ ಬಹುಮಾನ ಎಂದು ನಮ್ಮಲ್ಲಿ ತಿಳಿದಿದ್ದೇವೆ. ಚೆನ್ನಾಗಿ ಓದಿದವರಿಗೆ ವೇದಿಕೆಯ ಮೇಲೆ ಕೊಡುವ ಶೀಲ್ಡಿನ ದೊಡ್ಡಣ್ಣ. ನಿಜದಲ್ಲಿ ಅದೊಂದು ಕರಾರು. ಹಣ ಕೊಡುವವರಿಗೆ ನಮ್ಮಿಂದ ಏನೋ ಆಗಬೇಕಿರುತ್ತದೆ. ಅದೇನೆಂದು ಅರ್ಥ ಮಾಡಿಕೊಂಡವರ ಅರ್ಜಿ ಮೇಲೆ ಬರುತ್ತದೆ. ಬರೋಡೆಯ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದಾಗಲೂ ಕರಾರು ಇತ್ತು: ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡು, ತಿರುಗಿ ಬಂದು ಹತ್ತು ವರ್ಷ ಬರೋಡೆಯ ಸಂಸ್ಥಾನದ ಸೇವೆ. 1917ರಲ್ಲಿ ಅವರು ಕರಾರಿನಂತೆ ಬರೋಡೆಗೆ ಬಂದರು. ಅಷ್ಟು ಓದಿದ ಅಧಿಕಾರಿಗೆ ಆ ಊರಿನಲ್ಲಿ ಇರಲು ಒಂದು ಮನೆ ಸಿಗಲಿಲ್ಲ. ಕರಾರನ್ನು ವಿದ್ಯಾರ್ಥಿ ಪಾಲಿಸಿದರೂ ಸಮಾಜ ಪಾಲಿಸಲಿಲ್ಲ. ಈ ಕಥೆಯನ್ನು ಸ್ಕಾಲರ್‌ಶಿಪ್ ಬಗ್ಗೆ ಮಾತಾಡುವ ಕಡೆಯೆಲ್ಲ ಹೇಳಬೇಕು ಅನ್ನಿಸುತ್ತದೆ.

ಇಂದಿನ ಕರಾರುಗಳೂ ಒಂದೊಂದು ತರಹ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಒಂದು ವರ್ಷದ ಸ್ನಾತಕೋತ್ತರ ಓದಿಗೆ ಕೊಡುತ್ತದೆ. ಅರ್ಜಿ ಹಾಕಲು 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ನಾಳೆ ದೇಶ ನಡೆಸುವವರ ಸ್ನೇಹ ಇಂದೇ ಇರಲಿ ಎನ್ನುವುದು ಅವರ ಲೆಕ್ಕ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ 1959ರಿಂದ ಇರುವ ಯೋಜನೆ, ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು ಅದರಲ್ಲಿಯೇ. ಪಿಎಚ್‌ಡಿಗೆಂದು ಕೊಟ್ಟ ಹಣದಲ್ಲಿ ಪಿಎಚ್‌ಡಿಯೂ ಆಯಿತು, ‘ಸಂಸ್ಕಾರ’ವೂ ಆಯಿತು. ಹಣ ಕೊಟ್ಟವರ ಲೆಕ್ಕಪುಸ್ತಕದಲ್ಲಿ ಎರಡನೆಯದಕ್ಕೆ ಅಂಕಣವೇ ಇದ್ದಿರಲಿಕ್ಕಿಲ್ಲ.

ನಾನು ಹೋದದ್ದು ಜರ್ಮನಿಯ ‘ಡಾಡ್’ ಸಂಸ್ಥೆಯ ಹಣದಲ್ಲಿ. ಪರದೇಶಗಳೊಡನೆ ವಿದ್ಯಾ ವಿನಿಮಯಕ್ಕೆಂದು 1925ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಹುಟ್ಟಿದ ಸಂಸ್ಥೆ, ಈಗ ಕೇಂದ್ರ ಕಚೇರಿ ಬಾನ್ ನಗರದಲ್ಲಿದೆ. ಅದರ ಹಲವು ಯೋಜನೆಗಳಲ್ಲಿ ಒಂದರ ಹೆಸರು ‘ಇಪೋಸ್’. ಅಭಿವೃದ್ಧಿಶೀಲ ದೇಶಗಳಲ್ಲಿ ನೀರು, ಕಾಡು, ಕೃಷಿ, ನಗರ ಯೋಜನೆ, ಆರೋಗ್ಯ ಮುಂತಾದ ಕ್ಷೇತ್ರಗಳಲ್ಲಿ ಕೆಲಸ ಮಾಡುತ್ತಿರುವವರಿಗೆ ಇದು. ಮುಖ್ಯ ಷರತ್ತು ಎರಡು: ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಇರಬೇಕು, ಕೊನೆಯ ಪದವಿ ಮುಗಿದು ಆರು ವರ್ಷ ದಾಟಿರಬಾರದು. ಕಾಲೇಜು ಮುಗಿದ ಮಾರನೆಯ ದಿನ ಅರ್ಜಿ ಹಾಕುವಂತಿಲ್ಲ, ಬಹಳ ತಡ ಮಾಡುವಂತೆಯೂ ಇಲ್ಲ. ನಮ್ಮಲ್ಲಿ ಎನ್‌ಜಿಒ ಕೆಲಸ, ಗುತ್ತಿಗೆ ಎಂಜಿನಿಯರ್ ಕೆಲಸ, ಗ್ರಾಮ ಪಂಚಾಯಿತಿಗಳ ಯೋಜನಾ ಕೆಲಸ ಮಾಡುತ್ತ ತಮ್ಮನ್ನು ತಾವೇ ಸಣ್ಣವರೆಂದುಕೊಂಡಿರುವ ಎಷ್ಟೋ ಹುಡುಗ ಹುಡುಗಿಯರು ಸರಿಯಾಗಿ ಈ ಅಳತೆಗೆ ಬರುತ್ತಾರೆ. ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಅರ್ಜಿಯನ್ನು ಡಾಡ್‌ಗೆ ಹಾಕುವುದಲ್ಲ, ನೇರವಾಗಿ ಆಯಾ ಕೋರ್ಸ್ ನಡೆಸುವ ವಿಶ್ವವಿದ್ಯಾಲಯಕ್ಕೆ ಹಾಕಬೇಕು. ಒಂದೊಂದು ಕೋರ್ಸಿಗೂ ಕೊನೆಯ ದಿನಾಂಕ ಬೇರೆ, ಅದು ಕೋರ್ಸ್ ಶುರುವಾಗುವ ಹಿಂದಿನ ವರ್ಷವೇ ಮುಗಿದುಹೋಗುವುದೂ ಉಂಟು. ಬೇಕಾದದ್ದು ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಸಹಿ ಹಾಕಿದ ಬಯೋಡೇಟಾ, ಕೆಲಸ ಕೊಟ್ಟವರಿಂದ ಶಿಫಾರಸು ಪತ್ರ, ಎಲ್ಲಕ್ಕಿಂತ ಮುಖ್ಯವಾಗಿ ಎರಡು ಪುಟ ಮೀರದ ಒಂದು ಪತ್ರ. ನೀವು ಈಗ ಏನು ಕೆಲಸ ಮಾಡುತ್ತಿದ್ದೀರಿ, ಅದರಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೀರಿ, ಈ ಓದಿನಿಂದ ಆ ಗಂಟು ಹೇಗೆ ಬಿಚ್ಚುತ್ತದೆ ಎಂದು ಅದರಲ್ಲಿ ಬರೆಯಬೇಕು. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ನನಗೆ ಇಂಥ ಪತ್ರದ ಒಂದು ಮಾದರಿ ತೋರಿಸಿ, ಇದನ್ನು ಬರೆದುಕೊಡಲು ನನ್ನ ಆಗಿನ ಸಂಬಳಕ್ಕಿಂತ ಹೆಚ್ಚು ಫೀಸು ಹೇಳಿದ. ಬಾಲ್ಯದಿಂದಲೂ ಪ್ರಕೃತಿಯ ಮಡಿಲಲ್ಲಿ ಬೆಳೆದ ನನಗೆ ಎಂದು ಅದು ಶುರುವಾಗುತ್ತಿತ್ತು. ಎಲ್ಲರ ಪತ್ರವೂ ಹಾಗೇ ಶುರುವಾಗುತ್ತದಂತೆ. ನಾನು ಫೀಸೂ ಕೊಡಲಿಲ್ಲ, ಮಡಿಲನ್ನೂ ಬರೆಯಲಿಲ್ಲ. ಸೌದೆಯ ಲೆಕ್ಕ ಬರೆದೆ: ಹಳೆಯ ಒಲೆಯಲ್ಲಿ ಒಂದು ಕ್ವಿಂಟಾಲ್ ಸಿಪ್ಪೆಗೆ ಎಷ್ಟು, ಹೊಸ ಒಲೆಯಲ್ಲಿ ಎಷ್ಟು, ಒಲೆ ಬದಲಾದರೂ ಕಾಯಿ ಕೊಯ್ಯುವುದು ಯಾಕೆ ನಿಂತಿಲ್ಲ ಎಂಬುದು ನನಗೆ ಅರ್ಥವಾಗುತ್ತಿಲ್ಲ, ಅದನ್ನು ಕಲಿಯಬೇಕಾಗಿದೆ. ಆಮೇಲೆ ಅಲ್ಲಿ ಒಬ್ಬ ಮೇಷ್ಟ್ರು, ಆ ವರ್ಷದ ಅರ್ಜಿಗಳಲ್ಲಿ ತನಗೆ ನೆನಪಿರುವುದು ಆ ಸೌದೆಯ ಟೇಬಲ್ ಎಂದರು.

ದುಡ್ಡಿನ ವಿಷಯ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಊರಲ್ಲಿ ಹಬ್ಬಿದ್ದ ಲೆಕ್ಕವೇ ಬೇರೆ. ಈಗ ಡಾಡ್ ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳಿಗೆ 992 ಯೂರೋ ಕೊಡುತ್ತದೆ, ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ. ಜೊತೆಗೆ ವಿಮೆ, ಹೋಗಿಬರುವ ಪ್ರಯಾಣದ ಭತ್ಯೆ. ಮಗಳಿಗೆ ತಿಂಗಳಿಗೆ ಲಕ್ಷವಂತೆ ಎಂಬ ಸುದ್ದಿ ನಾನು ವಿಮಾನ ಹತ್ತುವ ಮೊದಲೇ ಊರು ತಿರುಗಿ, ಅಪ್ಪನ ಹತ್ತಿರ ಕೈಸಾಲ ಕೇಳುವವರು ಬಂದರು. ಸ್ವಂತ ಖರ್ಚಿನಲ್ಲಿ ಓದಲು ಹೋಗುವವರು ವೀಸಾಕ್ಕೆ ಮೊದಲು ಒಂದು ವರ್ಷದ ಬದುಕಿಗೆಂದು 11,904 ಯೂರೋವನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಟ್ಟು ತೋರಿಸಬೇಕು. ಇದನ್ನು ಹನ್ನೆರಡರಿಂದ ಭಾಗಿಸಿ ನೋಡಿ: 992. ಅಂದರೆ ಒಬ್ಬ ವಿದ್ಯಾರ್ಥಿ ಅಲ್ಲಿ ಬದುಕಲು ಕನಿಷ್ಠ ಎಷ್ಟು ಬೇಕು ಎಂದು ಆ ಸರ್ಕಾರ ಎಣಿಸಿದೆಯೋ ಅಷ್ಟೇ ಸ್ಕಾಲರ್‌ಶಿಪ್. ಹಾಸ್ಟೆಲ್ ಕೋಣೆಯ ಬಾಡಿಗೆ, ಊಟ, ಸೆಮಿಸ್ಟರಿನ ಶುಲ್ಕ, ಫೋನು ಕಳೆದರೆ ಒಂದಿಷ್ಟು ಉಳಿಯುತ್ತದೆ. ಚಳಿಗಾಲದ ಕೋಟು, ಬೂಟು ಕೊಂಡ ತಿಂಗಳು ಅದೂ ಇಲ್ಲ. ಟಿವಿ ಇಲ್ಲದಿದ್ದರೂ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಿ ಎಂಬ ಕಾಗದ ಬಂದೇ ಬರುತ್ತದೆ. ಹೊಸಬರೆಲ್ಲ ಅದನ್ನು ಮೋಸದ ಕಾಗದ ಎಂದುಕೊಳ್ಳುತ್ತಾರೆ. ಮೋಸವಲ್ಲ, ಕಟ್ಟಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತದೆ, ಅಂಥ ಅಪವಾದಗಳುಂಟು. ಹೀಗಾಗಿ ಅಲ್ಲಿ ಸ್ಕಾಲರ್‌ಶಿಪ್ ಎಂದರೆ ಮುಖ್ಯವಾಗಿ ಊಟ ವಸತಿಯ ಖರ್ಚು. ಬ್ರಿಟನ್, ಅಮೆರಿಕಗಳಲ್ಲಿ ಹಾಗಲ್ಲ, ಫೀಸೇ ಬೆನ್ನು ಮುರಿಯುತ್ತದೆ. ಅಲ್ಲಿಗೆ ಅರ್ಧ ಸ್ಕಾಲರ್‌ಶಿಪ್ ಸಿಕ್ಕಿತೆಂದು ಉಳಿದರ್ಧಕ್ಕೆ ಹೊಲ ಅಡವಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅರ್ಧ ಸ್ಕಾಲರ್‌ಶಿಪ್ ಎನ್ನುವುದು ಎಷ್ಟೋ ಸಲ ಅಂಗಡಿಯವರು ಹಾಕುವ ಡಿಸ್ಕೌಂಟ್ ಬೋರ್ಡು.

ನನ್ನ ಕೋರ್ಸ್ ಡ್ರೆಸ್ಡನ್ ತಾಂತ್ರಿಕ ವಿಶ್ವವಿದ್ಯಾಲಯದ್ದು, ಉಷ್ಣವಲಯದ ಅರಣ್ಯಶಾಸ್ತ್ರ, ಪಾಠ ಇಂಗ್ಲಿಷಿನಲ್ಲಿ. ಆದರೆ ಅರಣ್ಯ ವಿಭಾಗ ಇರುವುದು ಡ್ರೆಸ್ಡನ್ ನಗರದಲ್ಲಲ್ಲ, ಲೋಕಲ್ ರೈಲಿನಲ್ಲಿ ಸ್ವಲ್ಪ ದೂರದ ಥಾರಾಂಟ್ ಎಂಬ ಪುಟ್ಟ ಊರಿನಲ್ಲಿ. ಹೊರಡುವ ಮುಂಚೆ ಉಪ್ಪಾಗೆ ಕೊಯ್ಯುವ ಹಿರಿಯರೊಬ್ಬರು, ‘ತಂಗೀ, ಅಲ್ಲೆಂಥ ಕಾಡೈತೆ ಅಂತ ಕಾಡಿನ ಪಾಠ ಕಲಿಯೋಕೆ ಹೋಗ್ತಿ?’ ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಉತ್ತರ ಅವರಿಗೂ ನನಗೂ ಗೊತ್ತಿರಲಿಲ್ಲ: ಜರ್ಮನಿಯ ನೆಲದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕಾಡು. ನಮ್ಮ ಅರಣ್ಯ ಇಲಾಖೆಯನ್ನು ಕಟ್ಟಿದವರೂ ಅಲ್ಲಿಯವರೇ. 1864ರಲ್ಲಿ ಬ್ರಿಟಿಷರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನನ್ನಾಗಿ ನೇಮಿಸಿದ್ದು ಡೀಟ್ರಿಶ್ ಬ್ರಾಂಡಿಸ್ ಎಂಬ ಜರ್ಮನ್‌ನನ್ನು. ಅವನ ನಂತರದ ಇಬ್ಬರು, ಶ್ಲಿಶ್ ಮತ್ತು ರಿಬ್ಬೆನ್‌ಟ್ರಾಪ್, ಅವರೂ ಜರ್ಮನ್ನರೇ. ತೇಗದ ತೋಪು, ಕೂಪು, ವರ್ಕಿಂಗ್ ಪ್ಲಾನು ಎಂದು ನಾವು ಶಿರಸಿಯಲ್ಲಿ ಓದಿದ್ದರ ಬೇರು ಇಲ್ಲಿತ್ತು.

ಥಾರಾಂಟ್ ಕಿರಿದಾದ ಕಣಿವೆಯ ಊರು. ಕೆಳಗೆ ಹೊಳೆ, ರೈಲು ಹಳಿ. ಮೇಲೆ ಗುಡ್ಡದ ತುದಿಯಲ್ಲಿ ಪಾಳುಬಿದ್ದ ಕೋಟೆ, ಸುತ್ತ ಮರ. ಹೈನ್ರಿಶ್ ಕೋಟಾ ಎಂಬ ಅರಣ್ಯ ಪಂಡಿತ 1811ರಲ್ಲಿ ತನ್ನ ಖಾಸಗಿ ಶಾಲೆಯನ್ನು ಇಲ್ಲಿಗೆ ತಂದ, 1816ರಲ್ಲಿ ಅದು ಸ್ಯಾಕ್ಸನಿ ರಾಜನ ಅರಣ್ಯ ಅಕಾಡೆಮಿಯಾಯಿತು. ಅವನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಎಂಬತ್ತು ಓಕ್ ಗಿಡ ನೆಟ್ಟರು, ಮಾರನೆಯ ವರ್ಷ ತೀರಿಕೊಂಡಾಗ ಅಲ್ಲೇ ಮಣ್ಣು ಮಾಡಿದರು. ಅದೇ ರೈಲಿನಲ್ಲಿ ಮುಂದೆ ಹೋದರೆ ಫ್ರೈಬರ್ಗ್, ಬೆಳ್ಳಿ ಗಣಿಯ ಊರು. ಗಣಿ ಕುಲುಮೆಗಳಿಗೆ ಸೌದೆ ಸಾಲದೆ ಕಾಡು ಬರಿದಾಗುತ್ತಿದ್ದಾಗ, ಅಲ್ಲಿನ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಒಂದು ದೊಡ್ಡ ಪುಸ್ತಕ ಬರೆದು, ಬೆಳೆದಷ್ಟೇ ಕಡಿಯಬೇಕೆಂಬ ನಿಯಮವನ್ನು ಮುಂದಿಟ್ಟ. ಸೌದೆ ತೂಗಿ ಬಂದವಳಿಗೆ ಇದನ್ನು ಓದಿದಾಗ ಎಷ್ಟು ಹತ್ತಿರದವನಂತೆ ಕಂಡನೆಂದರೆ!

ಆದರೆ ನಾನು ಅಲ್ಲಿ ಕಲಿತ ದೊಡ್ಡ ಪಾಠ ಸೋಲಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಥಾರಾಂಟ್‌ನ ಪ್ರೊಫೆಸರ್ ಮ್ಯಾಕ್ಸ್ ಪ್ರೆಸ್ಲರ್, ಕಾಡನ್ನು ಬಡ್ಡಿ ಬರುವ ಬಂಡವಾಳದಂತೆ ಲೆಕ್ಕ ಹಾಕಬೇಕು, ಯಾವ ಮರ ಬೇಗ ಬೆಳೆದು ಹೆಚ್ಚು ಬಡ್ಡಿ ಕೊಡುತ್ತದೋ ಅದನ್ನು ನೆಡಬೇಕು ಎಂದು ವಾದಿಸಿದ. ಮರಕ್ಕೆ ತೂತು ಕೊರೆದು ವಯಸ್ಸು ನೋಡುವ ಕೊರೆಯುಳಿಯನ್ನು ಕಂಡುಹಿಡಿದವನೂ ಅವನೇ. ನಾವು ಫೀಲ್ಡಿನಲ್ಲಿ ಬಳಸುತ್ತಿದ್ದೆವು. ಸ್ಯಾಕ್ಸನಿ ಅವನ ಲೆಕ್ಕ ಒಪ್ಪಿ ಬೆಟ್ಟಬೆಟ್ಟವೆಲ್ಲ ಸ್ಪ್ರೂಸ್ ಎಂಬ ಒಂದೇ ಜಾತಿಯ ಮರ ತುಂಬಿಸಿತು. 2018ರಿಂದ ಮೂರು ವರ್ಷ ಬರ ಬಿತ್ತು. ನೀರಿಲ್ಲದೆ ಸೊರಗಿದ ಸ್ಪ್ರೂಸ್‌ಗೆ ತೊಗಟೆ ಕೊರೆಯುವ ದುಂಬಿ ಹತ್ತಿತು. ಅರ್ಧ ಸೆಂಟಿಮೀಟರು ಉದ್ದವಿರುವ ಹುಳ. ಹಸಿರು ಗುಡ್ಡಗಳು ಕಂದಾಗಿ, ಬೂದಿಬಣ್ಣಕ್ಕೆ ತಿರುಗಿ, ಸತ್ತ ಮರ ಕಡಿದು ಹಾಕುವುದೇ ಕೆಲಸವಾಯಿತು. ಯಾವ ಕಟ್ಟಡದಲ್ಲಿ ಆ ಲೆಕ್ಕ ಕಲಿಸಿದರೋ ಅದೇ ಕಣಿವೆಯಲ್ಲಿ ಇವತ್ತು ಬೀಚ್, ಓಕ್, ಫರ್ ಬೆರೆಸಿ ಮಿಶ್ರ ಕಾಡು ಮಾಡುವುದು ಹೇಗೆಂದು ಕಲಿಸುತ್ತಾರೆ. ಮೇಷ್ಟ್ರುಗಳು ಇದನ್ನು ಮುಚ್ಚಿಡುವುದಿಲ್ಲ, ನಮ್ಮನ್ನು ಆ ಸತ್ತ ತೋಪಿನ ನಡುವೆಯೇ ನಿಲ್ಲಿಸಿ ಪಾಠ ಮಾಡಿದರು. ನಮ್ಮ ಜಿಲ್ಲೆಯ ಬೇಣ ಬೆಟ್ಟಗಳಲ್ಲಿ ಸಾಲಾಗಿ ನಿಂತ ಅಕೇಶಿಯಾವನ್ನು ನಾನು ಅಲ್ಲಿ ನಿಂತು ನೆನೆದೆ. ನಮ್ಮ ಇಲಾಖೆಯವರು ಹೀಗೆ ಒಂದು ತೋಪಿನ ನಡುವೆ ನಿಂತು ಇದು ಕೆಟ್ಟಿತು ಎಂದು ವಿದ್ಯಾರ್ಥಿಗಳಿಗೆ ಹೇಳುವ ದಿನ ಬರಬೇಕು.

ತರಗತಿಯಲ್ಲಿ ಇಥಿಯೋಪಿಯ, ಕ್ಯಾಮರೂನ್, ಇಂಡೋನೇಷ್ಯ, ಕೊಲಂಬಿಯದವರಿದ್ದರು, ಎಲ್ಲರೂ ನನ್ನಂತೆ ಕೆಲಸದಿಂದ ಎದ್ದು ಬಂದವರು. ಅಲ್ಲಿ 1.0 ಅತ್ಯುತ್ತಮ ಅಂಕ, 5.0 ಎಂದರೆ ನಪಾಸು. ಅಂಕ ಇಳಿದಷ್ಟೂ ಖುಷಿಪಡುವುದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸುವುದೇ ಒಂದು ಪ್ರಬಂಧ. ನನ್ನ ಉಪ್ಪಾಗೆಯ ಗಂಟು ಬಿಚ್ಚಿದ್ದು ಪುಸ್ತಕದಿಂದಲ್ಲ, ಇಥಿಯೋಪಿಯದ ಸಹಪಾಠಿಯಿಂದ. ಅವರ ಕಾಡಿನಲ್ಲಿ ಕಾಫಿ ತಾನಾಗಿ ಬೆಳೆಯುತ್ತದೆ. ಹಣ್ಣಾಗುವ ತನಕ ಬಿಟ್ಟರೆ ಬೇರೆಯವರು ಕದ್ದೊಯ್ಯುತ್ತಾರೆಂದು ಅಲ್ಲೂ ಕಾಯಿಯನ್ನೇ ಸವರುತ್ತಾರಂತೆ. ಪ್ರಶ್ನೆ ಒಲೆಯದಲ್ಲ, ಮರ ಯಾರದು ಎಂಬುದು! ನಮ್ಮಲ್ಲಿ ಅಡಕೆ ತೋಟಕ್ಕೆ ಬಿಟ್ಟುಕೊಟ್ಟ ಸೊಪ್ಪಿನಬೆಟ್ಟದ ಉಪ್ಪಾಗೆ ಹಣ್ಣಾಗುವ ತನಕ ಉಳಿಯುತ್ತದೆ, ಕಾಯುವವರಿದ್ದಾರೆ. ಸರ್ಕಾರಿ ಕಾಡಿನದು ಮೊದಲು ಹೋದವರ ಪಾಲು. ಪ್ರಬಂಧಕ್ಕೆ ಇದನ್ನೇ ಹಿಡಿದೆ, ಮಾಹಿತಿಗೆ ಒಂದು ಮಳೆಗಾಲ ಸಿದ್ದಾಪುರಕ್ಕೇ ಬಂದೆ. ಜರ್ಮನಿಗೆ ಹೋಗಿ ಮತ್ತೆ ನಮ್ಮ ಮನೆ ಸಿಪ್ಪೆ ತೂಗೋಕೆ ಬಂದ್ಯಾ ಎಂದು ಎಲ್ಲರೂ ನಕ್ಕರು.

ಊಟಕ್ಕೇನೂ ತೊಂದರೆಯಾಗಲಿಲ್ಲ. ಪೂರ್ವ ಜರ್ಮನಿಯ ಕಾಲದಲ್ಲಿ ದುಡಿಯಲು ಬಂದು ನೆಲೆಸಿದ ವಿಯೆಟ್ನಾಮಿಗಳ ಅಂಗಡಿಗಳಲ್ಲಿ ತೆಂಗಿನಕಾಯಿ, ಬಾಳೆಕಾಯಿ ಸಿಗುತ್ತವೆ. ಡ್ರೆಸ್ಡನ್ ಸುತ್ತ ಚಿಪ್ ಕಾರ್ಖಾನೆಗಳಿರುವುದರಿಂದ ಬೆಂಗಳೂರಿನಿಂದ ಬಂದ ಎಂಜಿನಿಯರುಗಳಿದ್ದಾರೆ, ಯುಗಾದಿಗೆ ಹೋಳಿಗೆ ತಿಂದದ್ದು ಅವರಲ್ಲೊಬ್ಬರ ಮನೆಯಲ್ಲಿ. ಇನ್ನೊಂದು ಮುಖವೂ ಉಂಟು. ವಲಸಿಗರನ್ನು ವಿರೋಧಿಸುವ ಪೆಗಿಡಾ ಚಳವಳಿ 2014ರಲ್ಲಿ ಹುಟ್ಟಿದ್ದು ಇದೇ ಡ್ರೆಸ್ಡನ್‌ನಲ್ಲಿ, ಸೋಮವಾರ ಸಂಜೆ ಮೆರವಣಿಗೆ ಮಾಡುತ್ತಿದ್ದರು. ಆ ಹೊತ್ತಿಗೆ ನಾವು ಪೇಟೆ ಕಡೆ ಹೋಗುತ್ತಿರಲಿಲ್ಲ. ಹೋಗುವ ಮಕ್ಕಳಿಗೆ ಇದನ್ನೂ ಹೇಳಿ ಕಳಿಸಬೇಕು. ಹಿತ್ತಲಲ್ಲಿ ಬೆಳೆದ ಕುಂಬಳಕಾಯಿಯನ್ನು ನಮ್ಮ ಬಾಗಿಲಲ್ಲಿಟ್ಟು ಹೋಗುತ್ತಿದ್ದ ಪಕ್ಕದ ಮನೆಯ ಅಜ್ಜಿಯೂ ಅದೇ ಊರಿನವಳು.

ಓದು ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿ ಹದಿನೆಂಟು ತಿಂಗಳು ಇರಗೊಡುತ್ತದೆ. ಕೆಲವರು ಉಳಿದರು, ಅವರನ್ನು ಬೈಯುವ ಹಕ್ಕು ನನಗಿಲ್ಲ. ನಾನು ಬಂದೆ. ಈಗ ಗ್ರಾಮ ಅರಣ್ಯ ಸಮಿತಿಗಳ ಜೊತೆ ಕೂತು, ಉಪ್ಪಾಗೆ ಕೊಯ್ಲಿಗೆ ಊರೇ ಒಂದು ದಿನ ಗೊತ್ತು ಮಾಡುವ ಏರ್ಪಾಡು ಮಾಡುತ್ತಿದ್ದೇವೆ. ಎರಡು ಊರುಗಳಲ್ಲಿ ನಡೆಯುತ್ತಿದೆ, ಒಂದರಲ್ಲಿ ಜಗಳವಾಗಿ ನಿಂತಿದೆ. ನನ್ನ ಸಂಬಳ ಆ ಸ್ಕಾಲರ್‌ಶಿಪ್‌ಗಿಂತ ಕಡಿಮೆ.

ಓದುಗರಲ್ಲಿ ಯಾರಿಗಾದರೂ ಉಪಯೋಗವಾಗಲೆಂದು ಕೊನೆಗೆ ಇಷ್ಟು. ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ: ವರ್ಷಕ್ಕೆ 125 ಸ್ಥಾನ, 60 ಪರ್ಸೆಂಟ್ ಅಂಕ, 35ರೊಳಗಿನ ವಯಸ್ಸು, 8 ಲಕ್ಷದೊಳಗಿನ ಕುಟುಂಬದ ಆದಾಯ. ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ. ಇಪೋಸ್ ಕೋರ್ಸುಗಳ ಪಟ್ಟಿ ಡಾಡ್ ಪ್ರತಿವರ್ಷ ಪ್ರಕಟಿಸುತ್ತದೆ, ಇಂಗ್ಲಿಷಿನಲ್ಲಿದೆ, ಏಜೆಂಟರು ಬೇಕಿಲ್ಲ. ಸಣ್ಣ ಸಂಸ್ಥೆಗಳಲ್ಲಿ ದುಡಿಯುತ್ತಿರುವವರು ನೌಕರಿ ಪ್ರಮಾಣಪತ್ರವನ್ನು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಸೇರಿದ ದಿನಾಂಕ, ಸಹಿ, ಸೀಲು ಸಮೇತ ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಕೇಳಿದರೆ ಸಹಿ ಹಾಕುವವರು ಊರಲ್ಲಿರುವುದಿಲ್ಲ.